ಕೊಬ್ಬರಿ ಮಿಠಾಯಿಗೆ ಹಾಕೋ ಕೆಂಪು ಪುಡಿ ಕಣ್ಣಿಗೆ ಬಿತ್ತು. ನೀವೆಲ್ಲ ಇದನ್ನ ಹೇಗೆ ಬಳಸ್ತೀರಿ?

ತಿಂಡಿಮನೆ ಸಾಗರ (ಸೋಮವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಮನೆಯಲ್ಲೇ ತಿಂಡಿ ಮಾಡಿ ಮಾರುವವಳು. ಹಲಸಿನ ಹಪ್ಪಳ, ತೊಡೆದೇವು, ಚಕ್ಕುಲಿ ವರ್ಷಪೂರ್ತಿ ಇರ್ತದೆ. ಮದುವೆ, ಉಪನಯನದ ಕಾಲ ಬಂದರೆ ಕೊಬ್ಬರಿ ಮಿಠಾಯಿ. ಅರ್ಧ ಬಿಳಿ, ಅರ್ಧ ಗುಲಾಬಿ. ಆ ಗುಲಾಬಿಗೆ ಇಷ್ಟು ವರ್ಷ ಸಣ್ಣ ಡಬ್ಬಿಯ ಕೆಂಪು ಬಣ್ಣ ತರ್ತಿದ್ದೆ. ಈ ಸಲ ಡಬ್ಬಿ ಸಿಗಲಿಲ್ಲ. ಪೇಟೆಯ ಒಂದು ಅಂಗಡಿಯಲ್ಲಿ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿದ ಪುಡಿ ಕೊಟ್ರು. "ಅದೇ ಇದು, ಇನ್ನೂ ಸ್ಟ್ರಾಂಗ್ ಇದೆ" ಅಂದ್ರು. ತಂದೆ.

ನಿನ್ನೆ ಬೆಳಿಗ್ಗೆ ನಮ್ಮಲ್ಲಿ ಕೆಲಸಕ್ಕೆ ಬರುವ ಹುಡುಗಿ ಆ ಕೊಟ್ಟೆಯನ್ನು ಹಲ್ಲಲ್ಲಿ ಕಚ್ಚಿ ಹರಿದಳು. ಮೇಲೆ ಫ್ಯಾನ್ ತಿರುಗ್ತಾ ಇತ್ತು. ಒಂದು ಕ್ಷಣದಲ್ಲಿ ಪುಡಿಯೆಲ್ಲ ಅವಳ ಮುಖದ ಮೇಲೆ, ಕಣ್ಣಿಗೆ, ಮೂಗಿಗೆ. ಉರಿ ಅಂತ ಕೂಗಿದಳು. ನಾನು ಎರಡು ಚೊಂಬು ನೀರು ಹಾಕಿ ಸೆರಗಲ್ಲಿ ಒರೆಸಿದೆ. ಪಕ್ಕದ ಮನೆ ಅಜ್ಜಿ ಹರಳೆಣ್ಣೆ ಬಿಡಿ ಅಂದ್ರು, ಬಿಟ್ಟೆ. ಸಂಜೆ ಹೊತ್ತಿಗೂ ಒಂದು ಕಣ್ಣು ಕೆಂಪಗೆ, ಮಂಜುಮಂಜು ಕಾಣ್ತದೆ ಅಂದಳು. ರಾತ್ರಿಯಿಡೀ ನನಗೆ ನಿದ್ದೆ ಇಲ್ಲ. ತಿನ್ನೋ ಬಣ್ಣ ಅಲ್ದಾ, ಕಣ್ಣಿಗೆ ಬಿದ್ದರೆ ಇಷ್ಟು ಆಗ್ತದಾ? ನೆಲ, ಕಡಪ ಕಲ್ಲು, ಅವಳ ಕೈ ಎಲ್ಲ ಇನ್ನೂ ಕೆಂಪು.

ವಾರ್ಡ್ ಸಿಸ್ಟರ್ (ಸೋಮವಾರ, ರಾತ್ರಿ 9:58)

ಅಕ್ಕಾ, ಉಳಿದ ಮಾತೆಲ್ಲ ಆಮೇಲೆ. ಒಂದು ದಿನ ಕಳೆದ ಮೇಲೂ ಮಂಜಾಗಿ ಕಾಣ್ತದೆ ಅಂದ್ರೆ ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಕಣ್ಣಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಆ ಕೊಟ್ಟೆಯನ್ನು ಇನ್ನೊಂದು ಕವರಿಗೆ ಹಾಕಿ ಬಿಗಿಯಾಗಿ ಕಟ್ಟಿ ಜೊತೆಗೆ ಒಯ್ಯಿರಿ, ಯಾವ ಪುಡಿ ಅಂತ ಡಾಕ್ಟರಿಗೆ ಗೊತ್ತಾಗಬೇಕು.

ಇದನ್ನು ಓದುವ ಬೇರೆಯವರಿಗೂ ಹೇಳ್ತೇನೆ. ಯಾವುದೇ ಪುಡಿ ಕಣ್ಣಿಗೆ ಬಿದ್ರೆ ಎರಡು ಚೊಂಬು ಸಾಲದು. ರೆಪ್ಪೆಯನ್ನು ಬೆರಳಲ್ಲಿ ಬಿಡಿಸಿ ಹಿಡಿದು, ಕಡಿಮೆ ಅಂದ್ರೆ 15 ನಿಮಿಷ, ಗಡಿಯಾರ ನೋಡಿಕೊಂಡು, ಸಣ್ಣಗೆ ಹರಿಯುವ ಚೊಕ್ಕ ನೀರಲ್ಲಿ ತೊಳೀಬೇಕು. ಬಿದ್ದ ಕಣ್ಣು ಕೆಳಗೆ ಬರುವ ಹಾಗೆ ತಲೆ ವಾಲಿಸಿ, ಇಲ್ಲದಿದ್ದರೆ ಪುಡಿ ಇನ್ನೊಂದು ಕಣ್ಣಿಗೂ ಹೋಗ್ತದೆ. ಲೆನ್ಸ್ ಹಾಕಿದ್ರೆ ತೆಗೀರಿ. ಉಜ್ಜಬೇಡಿ. ಹರಳೆಣ್ಣೆ, ಹಾಲು, ಜೇನುತುಪ್ಪ, ಎದೆಹಾಲು ಯಾವುದೂ ಬೇಡ. ಎಣ್ಣೆ ಬಿಟ್ಟರೆ ಪುಡಿ ಹೊರಗೆ ಬರೋದಿಲ್ಲ, ಅಲ್ಲೇ ಕೂರ್ತದೆ. ಅಜ್ಜಿಯನ್ನು ದೂರುವುದಲ್ಲ, ನಮ್ಮ ಮನೆಯಲ್ಲೂ ಇದೇ ಅಭ್ಯಾಸ ಇತ್ತು.

ಮೂಗಿಗೆ ಹೋದವರು ಗಾಳಿ ಬರುವ ಕಡೆ ಕೂರಲಿ. ಆ ಹುಡುಗಿಗೆ ಉಬ್ಬಸ ಇದೆಯಾ ಕೇಳಿ. ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಬೇಕು.

ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು (ಸೋಮವಾರ, ರಾತ್ರಿ 10:35)

ಸಿಸ್ಟರ್ ಹೇಳಿದ್ದು ಮೊದಲು ಮಾಡಮ್ಮ. ನಿನ್ನ ಪ್ರಶ್ನೆಗೆ ಉತ್ತರ ಹುಡುಕುವ ಮುಂಚೆ ನಾನೊಂದು ಕೇಳಬೇಕು: ಕೊಟ್ಟೆಯ ಮೇಲೆ ಏನಾದರೂ ಬರೆದಿದೆಯಾ? ಆಹಾರ ಪ್ರಾಧಿಕಾರದ 14 ಅಂಕೆಯ ಲೈಸೆನ್ಸ್ ನಂಬರು, ಬಣ್ಣದ ಹೆಸರು, ತಯಾರಿಸಿದ ದಿನ, ಬ್ಯಾಚ್?

ಕೇಳಲು ಕಾರಣ ಇದೆ. ನಮ್ಮ ದೇಶದ ಆಹಾರ ಕಾನೂನಿನಲ್ಲಿ ಅನುಮತಿ ಪಡೆದ ಕೆಂಪು ಸಿಂಥೆಟಿಕ್ ಬಣ್ಣಗಳು ಅಂತ ಮೊದಲಿನಿಂದ ಇರುವುದು ಮೂರು. ಪೊನ್ಸೊ 4ಆರ್, ಕಾರ್ಮೋಸಿನ್, ಎರಿಥ್ರೋಸಿನ್. ಡಬ್ಬಿಯ ಮೇಲೆ ಕ್ರಮವಾಗಿ ಐಎನ್‌ಎಸ್ (ಆಹಾರಕ್ಕೆ ಸೇರಿಸುವ ಪದಾರ್ಥಗಳ ಅಂತರರಾಷ್ಟ್ರೀಯ ಸಂಖ್ಯೆ) 124, 122, 127 ಅಂತಲೂ ಇರುತ್ತದೆ. ಗುಲಾಬಿ ಛಾಯೆ ಬರುವುದು ಹೆಚ್ಚಾಗಿ 127ರಿಂದ. ಬಿಡಿಯಾಗಿ, ಹೆಸರಿಲ್ಲದೆ, "ಇನ್ನೂ ಸ್ಟ್ರಾಂಗ್" ಅಂತ ಸಿಗುವ ಗುಲಾಬಿ ಪುಡಿ ಬಹಳ ಸಲ ರೋಡಮೈನ್ ಬಿ ಆಗಿರುತ್ತದೆ. ಅದು ಬಟ್ಟೆ, ಕಾಗದಕ್ಕೆ ಹಾಕುವ ಬಣ್ಣ. ತಿನ್ನುವ ಪದಾರ್ಥಕ್ಕೆ ಒಂದು ಕಣವೂ ಹಾಕುವಂತಿಲ್ಲ. ರಾಸಾಯನಿಕಗಳ ಸುರಕ್ಷತಾ ಪತ್ರದಲ್ಲಿ ಅದರ ಎದುರು ಎರಡು ಮಾತು ಎದ್ದು ಕಾಣುತ್ತವೆ. ನುಂಗಿದರೆ ಹಾನಿ, ಕಣ್ಣಿಗೆ ಬಿದ್ದರೆ ಗಂಭೀರ ಪೆಟ್ಟು. ಕಾರ್ಮೋಸಿನ್ ಪುಡಿ ಕಣ್ಣಿಗೆ ಬಿದ್ದರೂ ಉರಿಯುತ್ತದೆ, ಆದರೆ ಎರಡೂ ಒಂದೇ ಅಲ್ಲ. ಅದಕ್ಕೇ ಯಾವುದು ಅಂತ ಗೊತ್ತಾಗುವುದು ಮುಖ್ಯ.

ದುರ್ಗಿಗುಡಿ ಅಮ್ಮ (ಸೋಮವಾರ, ರಾತ್ರಿ 11:05)

ಮೇಷ್ಟ್ರೇ, 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿ, ಬೊಂಬಾಯಿ ಮಿಠಾಯಿಗೆ ಬಣ್ಣ ನಿಷೇಧ ಮಾಡಿದ್ದು ಇದೇ ರೋಡಮೈನ್‌ಗಾ? ಆಗ ಪೇಪರಿನಲ್ಲಿ ಓದಿ ನನ್ನ ಎದೆ ಒಡೆದುಹೋಗಿತ್ತು. ಅದರ ಹಿಂದಿನ ಎಳ್ಳಮಾವಾಸ್ಯೆ ಜಾತ್ರೆಗೆ ತೀರ್ಥಹಳ್ಳಿಗೆ ಹೋದಾಗ ಮಗನಿಗೆ ಎರಡು ಸಲ ಕೊಡಿಸಿದ್ದೆ. ಮರುದಿನ ಮೈಮೇಲೆ ದದ್ದು ಎದ್ದಿತ್ತು. ಹೊಳೆ ನೀರಿನಲ್ಲಿ ಆಡಿದ್ದಕ್ಕೆ ಅಂದುಕೊಂಡಿದ್ದೆ.

ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು (ಮಂಗಳವಾರ, ಬೆಳಿಗ್ಗೆ 6:20)

ಹೌದಮ್ಮ. ಆಗ ಇಲಾಖೆ ಗೋಬಿ ಮಂಚೂರಿಯ 171 ಮಾದರಿ ತೆಗೆದು ನೋಡಿದಾಗ 107 ಅಸುರಕ್ಷಿತ ಅಂತ ಬಂತು. ಬೊಂಬಾಯಿ ಮಿಠಾಯಿಯ 25ರಲ್ಲಿ 15. ಬೊಂಬಾಯಿ ಮಿಠಾಯಿಯಲ್ಲಿ ಸಿಕ್ಕಿದ್ದು ರೋಡಮೈನ್, ಟಾರ್ಟ್ರಜಿನ್. ಗೋಬಿಯಲ್ಲಿ ಇವೂ ಸೇರಿ ಬೇರೆ ಬಣ್ಣಗಳೂ ಇದ್ದವು. ಜೂನ್‌ನಲ್ಲಿ ಕಬಾಬಿಗೂ ಬಣ್ಣ ಹಾಕಬಾರದು ಅಂತ ಆದೇಶ ಬಂತು. ಗಮನಿಸಿ, ಕಬಾಬಿನಲ್ಲಿ ಸಿಕ್ಕಿದ್ದು ಸನ್‌ಸೆಟ್ ಯೆಲ್ಲೋ ಮತ್ತು ಕಾರ್ಮೋಸಿನ್. ಎರಡೂ ಅನುಮತಿಯ ಪಟ್ಟಿಯಲ್ಲಿ ಇರುವ ಬಣ್ಣಗಳೇ. ಪಟ್ಟಿಯಲ್ಲಿ ಇದೆ ಅಂದ ಮಾತ್ರಕ್ಕೆ ಎಲ್ಲ ಅಡುಗೆಗೂ ಹಾಕಬಹುದು ಅಂತಲ್ಲ. ಯಾವ ತಿಂಡಿಗೆ, ಎಷ್ಟು ಎನ್ನುವುದೂ ಕಾನೂನಿನಲ್ಲೇ ಇದೆ. ಮೆಣಸಿನ ಪುಡಿಗೆ, ಅರಿಶಿಣಕ್ಕೆ ಯಾವ ಬಣ್ಣವೂ ಸಲ್ಲದು.

ನಿಮ್ಮ ಮಗನ ದದ್ದು ಅದರಿಂದಲೇ ಎಂದು ನಾನು ಹೇಳಲಾರೆ. ಆದರೆ ಕೆಲವರ ಮೈಗೆ ಈ ಬಣ್ಣಗಳು ಒಗ್ಗುವುದಿಲ್ಲ. ಉಬ್ಬಸ ಇರುವವರು, ಆಸ್ಪಿರಿನ್ ಮಾತ್ರೆ ಆಗದವರು ಇನ್ನೂ ಎಚ್ಚರ ಇರಬೇಕು.

ಅಡುಗೆ ಕಂತ್ರಾಟು ಹೊಸನಗರ (ಮಂಗಳವಾರ, ಬೆಳಿಗ್ಗೆ 8:15)

ಎಲ್ಲ ಹಿರಿಯರಿಗೂ ನಮಸ್ಕಾರ. ನಾನು 30 ವರ್ಷದಿಂದ ಮದುವೆಮನೆ ಅಡುಗೆ ಹಿಡಿಯುವವ. ನನ್ನ ಮನಸ್ಸಿನಲ್ಲಿ ಇರುವುದನ್ನು ನೇರವಾಗಿ ಹೇಳ್ತೇನೆ, ಬೇಸರ ಬೇಡ. ಬಿಡಿ ಪುಡಿ ನಾನು ಯಾವತ್ತೂ ತಂದವನಲ್ಲ. ಲೇಬಲ್ ಇರುವ ಡಬ್ಬಿಯೇ. ಬೀಟ್ರೂಟ್ ಹಲ್ವಾಕ್ಕೆ ಮೂರು ಚಿಟಿಕೆ ಕಾರ್ಮೋಸಿನ್ ಹಾಕ್ತೇನೆ. ಯಾಕೆ ಅಂದ್ರೆ ಬೀಟ್ರೂಟ್ ಒಂದು ಗಂಟೆ ಬಾಣಲೆಯಲ್ಲಿ ಮಗುಚಿದ ಮೇಲೆ ಅದರ ಬಣ್ಣ ಸತ್ತು ಕಂದು ಆಗ್ತದೆ. ಎಲೆ ಮೇಲೆ ಬಡಿಸಿದಾಗ "ಇದೆಂಥ ಹಲ್ವಾ ಭಟ್ರೇ" ಅಂತ ಕೇಳುವವರು ನೀವೇ. ಇಷ್ಟು ವರ್ಷದಲ್ಲಿ ಒಬ್ಬರಿಗೂ ಏನೂ ಆಗಿಲ್ಲ. ಚಿಟಿಕೆ ಬಣ್ಣಕ್ಕೆ ಇಷ್ಟು ಹೆದರಬೇಕಾ?

ಬೇಕರಿ ಭದ್ರಾವತಿ (ಮಂಗಳವಾರ, ಬೆಳಿಗ್ಗೆ 10:02)

ಭಟ್ರೇ, ನಾನೂ ನಿಮ್ಮ ಹಾಗೇ ಇದ್ದೆ. ಚಿಟಿಕೆ ಅಳತೆಯಲ್ಲ ಅಂತ ನನಗೆ ಗೊತ್ತಾಗಿದ್ದು ಐದಾರು ವರ್ಷದ ಹಿಂದೆ, ಒಂದು ತರಬೇತಿಯಲ್ಲಿ. ಬಣ್ಣ ಹಾಕಲು ಅವಕಾಶ ಇರುವ ಹೆಚ್ಚಿನ ಸಿಹಿತಿಂಡಿಗಳಲ್ಲಿ ಮಿತಿ ಅಂದ್ರೆ ಒಂದು ಕಿಲೋ ತಿಂಡಿಗೆ 100 ಮಿಲಿಗ್ರಾಂ. ಗ್ರಾಮಿನ ಹತ್ತನೇ ಒಂದು ಪಾಲು! ಅಷ್ಟನ್ನು ಬೆರಳಲ್ಲಿ ಹಿಡಿಯಲಿಕ್ಕೆ ಆಗೋದೇ ಇಲ್ಲ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಮಿತಿ ಲೆಕ್ಕ ಹಾಕುವುದು ತಯಾರಾದ ತಿಂಡಿಯ ಮೇಲೆ. ಒಲೆ ಮೇಲೆ ನೀರು ಆರಿ ಹೋಗ್ತದೆ, ಬಣ್ಣ ಹೋಗೋದಿಲ್ಲ. ಐದು ಕಿಲೋ ಹಿಟ್ಟಿಗೆ ಲೆಕ್ಕ ಹಾಕಿ ಬಣ್ಣ ಬಿಟ್ಟು ಅದನ್ನು ಬಿಸಿಲಲ್ಲಿ ಒಣಗಿಸಿ ಒಂದು ಕಿಲೋ ಮಾಡಿದರೆ ಬಣ್ಣದ ಪ್ರಮಾಣ ಐದು ಪಟ್ಟು ಏರಿತು. ಸಂಡಿಗೆಗೆ ಗುಲಾಬಿ ಬಣ್ಣ ಹಾಕುವ ಸಂಘದವರು ನಮ್ಮಲ್ಲಿ ಬಹಳ ಇದ್ದಾರೆ, ಅವರು ಇದನ್ನು ಕಿವಿಗೆ ಹಾಕ್ಕೊಳ್ಳಿ. ನಿಮ್ಮ ತಿಂಡಿಗೆ ಬಣ್ಣ ಹಾಕಲು ಅವಕಾಶ ಇದೆಯಾ ಅಂತ ಮೊದಲು ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿ ಹತ್ರ ಕೇಳಿ.

ನಾನು ಈಗ ಮಾಡೋದು ಹೀಗೆ. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಇಟ್ಟಿದ್ದೇನೆ, ಅಕ್ಕಸಾಲಿಗರ ಹತ್ರ ಇರ್ತದಲ್ಲ ಆ ತರದ್ದು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಮಾಸ್ಕು, ಕನ್ನಡಕ, ಗ್ಲೌಸ್ ಹಾಕಿ 1 ಗ್ರಾಂ ತೂಗ್ತೇನೆ. ಮೊದಲು ಎರಡು ಚಮಚ ನೀರಲ್ಲಿ ಗಂಟಿಲ್ಲದ ಹಾಗೆ ಕಲಸಿ, ಆಮೇಲೆ ಕುದಿಸಿ ಆರಿದ ನೀರು ಸೇರಿಸಿ 100 ಮಿಲಿ ಮಾಡ್ತೇನೆ. ಆಮೇಲೆ ಪುಡಿಯ ಡಬ್ಬಿ ಬೀರು ಸೇರಿತು. ಅಡುಗೆಮನೆಗೆ ಬರೋದು ಬಾಟಲಿಯ ನೀರು ಮಾತ್ರ. ಗಾಳಿಗೆ ಹಾರುವ ಪುಡಿಯೇ ಅಪಾಯದ ದೊಡ್ಡ ಪಾಲು. ಅದನ್ನು ವಾರಕ್ಕೆ ಒಂದು ಸಲ, ಒಬ್ಬರೇ, ಒಂದೇ ಮೂಲೆಯಲ್ಲಿ ಮುಟ್ಟಿದರೆ ಸಾಕು. ಬಾಟಲಿ ಮೇಲೆ ಹೆಸರು, ತಾರೀಕು ಬರೆದು ಫ್ರಿಜ್ಜಿನಲ್ಲಿ ಇಡ್ತೇನೆ, ಒಂದು ವಾರ ಆದ ಮೇಲೆ ಇಟ್ಟುಕೊಳ್ಳೋದಿಲ್ಲ. ನಮ್ಮ ಮಳೆಗಾಲದಲ್ಲಿ ಎಂಥದಕ್ಕೂ ಬೂಸಲು ಬರ್ತದೆ.

ಮಳೆಗಾಲದ ಮಾತು ಬಂತಲ್ಲ, ಜಡಿಮಳೆಗೆ ಪುಡಿ ಗಂಟಾಯ್ತು ಅಂತ ಡಬ್ಬಿಯನ್ನು ಒಲೆ ಮೇಲಿನ ಅಟ್ಟದಲ್ಲಿ ಇಡಬೇಡಿ. ಉಪ್ಪು, ಅಡುಗೆ ಸೋಡಾ ಡಬ್ಬಿ ಸಾಲಿನಲ್ಲೂ ಬೇಡ. ಗಂಟಾದ ಪುಡಿ ಹಾಕಿದರೆ ಮಿಠಾಯಿಯಲ್ಲಿ ಒಂದು ಕಡೆ ಚುಕ್ಕೆಚುಕ್ಕೆ ಕೆಂಪು, ಇನ್ನೊಂದು ಕಡೆ ಬಿಳಿ. ಆ ಚುಕ್ಕೆ ಬಂದ ತುಂಡು ಯಾವ ಮಗುವಿನ ಪಾಲಿಗೆ ಬರ್ತದೋ.

ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು (ಮಂಗಳವಾರ, ಬೆಳಿಗ್ಗೆ 11:30)

ಬೇಕರಿಯವರು ಬರೆದದ್ದಕ್ಕೆ ಒಂದು ಸೇರಿಸುತ್ತೇನೆ. ಡಬ್ಬಿಯಲ್ಲಿರುವುದೆಲ್ಲ ಬಣ್ಣವಲ್ಲ. ಲೇಬಲ್ಲಿನಲ್ಲಿ ಬಣ್ಣದ ಒಟ್ಟು ಅಂಶ ಶೇಕಡಾ ಎಷ್ಟು ಅಂತ ನೋಡಿ. ದೊಡ್ಡ ಡಬ್ಬಿಯ ಶುದ್ಧ ಬಣ್ಣವಾದರೆ ಶೇ 85ರ ಆಸುಪಾಸು ಇರಬಹುದು. ಚಿಕ್ಕ ಡಬ್ಬಿಗಳಲ್ಲಿ ಉಪ್ಪು ಬೆರೆಸಿ ಬಹಳ ಕಡಿಮೆ ಮಾಡಿರುತ್ತಾರೆ. ಒಂದಕ್ಕೆ ಒಗ್ಗಿದ ಕೈ ಇನ್ನೊಂದಕ್ಕೆ ಹೋದಾಗ ಹಲವು ಪಟ್ಟು ಬೀಳುತ್ತದೆ, ಕೈಗೆ ಅದು ತಿಳಿಯುವುದೇ ಇಲ್ಲ.

ಭಟ್ಟರೇ, "ಏನೂ ಆಗಿಲ್ಲ" ಅಂದಿರಿ. ಮದುವೆಯೂಟ ಉಂಡು ಹೋದವರ ಮೈ ನಾಳೆ ಏನಾಯಿತೆಂದು ನಮಗೆ ಯಾರು ಬಂದು ಹೇಳುತ್ತಾರೆ? ಲೆಕ್ಕವನ್ನೇ ನೋಡೋಣ. ಎರಿಥ್ರೋಸಿನ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಕೃಷಿ-ಆಹಾರ ಸಂಸ್ಥೆಯ ತಜ್ಞರ ಸಮಿತಿ ಇಟ್ಟ ಮಿತಿ ದಿನಕ್ಕೆ, ಮೈತೂಕದ ಪ್ರತಿ ಕಿಲೋಗೆ 0.1 ಮಿಲಿಗ್ರಾಂ. 20 ಕಿಲೋ ತೂಗುವ ಮಗುವಿಗೆ ಇಡೀ ದಿನಕ್ಕೆ 2 ಮಿಲಿಗ್ರಾಂ. ಕಾನೂನಿನ ಮಿತಿಯಷ್ಟೇ ಬಣ್ಣ ಹಾಕಿದ ಮಿಠಾಯಿಯಾದರೂ 20 ಗ್ರಾಂ ತಿಂದರೆ ಅಲ್ಲಿಗೆ ಮುಗಿಯಿತು. ಒಂದು ತುಂಡು! ಕಾರ್ಮೋಸಿನ್‌ಗೆ ಇದೇ ಮಿತಿ 4 ಮಿಲಿಗ್ರಾಂ, ಅಂದರೆ 40 ಪಟ್ಟು ಸಡಿಲ. ಬಣ್ಣ ನೋಡಿದರೆ ಎಲ್ಲ ಕೆಂಪೇ, ಆದರೆ ಒಳಗಿನ ಹಿಸಾಬು ಬೇರೆ ಬೇರೆ.

ಎರಿಥ್ರೋಸಿನ್ ಅಣುವಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಅಯೋಡಿನ್ನೇ. ಥೈರಾಯ್ಡ್ ತೊಂದರೆಗೆ ವೈದ್ಯರು ಅಯೋಡಿನ್ ಕಡಿಮೆ ಇರುವ ಪಥ್ಯ ಹೇಳಿದ್ದರೆ ಈ ಬಣ್ಣದ ತಿಂಡಿ ಬಿಡಬೇಕು, ಮಾತ್ರೆಯಲ್ಲಿ ಇದ್ದರೆ ವೈದ್ಯರನ್ನು ಕೇಳಬೇಕು. ಗಂಡು ಇಲಿಗಳಿಗೆ ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಥೈರಾಯ್ಡ್ ಗಂಟು ಕಂಡಿದ್ದಕ್ಕೆ ಅಮೆರಿಕ 2025ರ ಜನವರಿ 15ರಂದು ಇದರ ಅನುಮತಿ ರದ್ದು ಮಾಡಿತು. ತಿಂಡಿ ತಯಾರಕರಿಗೆ 2027ರ ಜನವರಿವರೆಗೆ ಸಮಯ ಕೊಟ್ಟಿದೆ. ಇಲಿಯಲ್ಲಿ ಆಗುವ ಆ ಕ್ರಿಯೆ ಮನುಷ್ಯರಲ್ಲಿ ಆಗುವುದಿಲ್ಲ ಎಂದೂ ಅವರೇ ಹೇಳಿದ್ದಾರೆ. ಪ್ರಾಣಿಯಲ್ಲಾಗಲಿ ಮನುಷ್ಯರಲ್ಲಾಗಲಿ ಕ್ಯಾನ್ಸರ್ ತಂದರೆ ಬಣ್ಣವನ್ನು ಒಪ್ಪಬಾರದೆಂಬ ಅಲ್ಲಿನ ಹಳೆಯ ಕಾನೂನು ಹಾಗೆ ಮಾಡಿಸಿತು. ಕಾರಣವಿಲ್ಲದ ಕಡೆ ಹೆದರಿಸುವುದು ನನಗೆ ಇಷ್ಟವಿಲ್ಲ, ಅದಕ್ಕೆ ಎರಡೂ ಬರೆದೆ.

ಪೊನ್ಸೊ ಇಲ್ಲವೇ ಕಾರ್ಮೋಸಿನ್ ಹಾಕಿದ ತಿಂಡಿಗಳ ಮೇಲೆ ಯುರೋಪಿನಲ್ಲಿ 2010ರ ಜುಲೈಯಿಂದ ಒಂದು ಎಚ್ಚರಿಕೆ ಇರಲೇಬೇಕು: ಮಕ್ಕಳ ಚಟುವಟಿಕೆ, ಗಮನದ ಮೇಲೆ ಪರಿಣಾಮ ಆಗಬಹುದು ಎಂದು. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಮಕ್ಕಳ ಮೇಲೆ ನಡೆದ ಅಧ್ಯಯನದ ನಂತರ ಬಂದ ನಿಯಮ ಅದು.

ಅಡಿಕೆ ತೋಟ ತೀರ್ಥಹಳ್ಳಿ (ಮಂಗಳವಾರ, ಮಧ್ಯಾಹ್ನ 2:10)

ನಾನು ಮೂಲಕ್ಕೇ ಹೋಗ್ತೇನೆ. ಬಣ್ಣ ಯಾಕೆ ಬೇಕು? ನಮ್ಮ ಅಡಿಕೆಯನ್ನೇ ನೋಡಿ. ಕೆಂಪಡಿಕೆ ಕೆಂಪಾಗೋದು ಚೊಗರಿನಿಂದ. ಹಸಿ ಅಡಿಕೆ ಬೇಯಿಸಿದ ನೀರನ್ನೇ ಕಾಸಿ ಗಟ್ಟಿ ಮಾಡಿ, ಅದರಲ್ಲಿ ಅದ್ದಿ ಒಣಗಿಸ್ತೇವೆ. ಅದೇ ಅದರ ಬಣ್ಣ, ಅದೇ ಅದರ ಹೊಳಪು. ನಡುವೆ ಯಾರೋ ದುಡ್ಡಿನ ಆಸೆಗೆ ಕಳಪೆ ಅಡಿಕೆಗೆ ಬಣ್ಣದ ಪುಡಿ ಹಾಕಿ ರಾಶಿ ಇಡಿ ಅನ್ನೋ ಒಳ್ಳೆ ಕೆಂಪಡಿಕೆಗೆ ಬೆರೆಸಿದ್ರೆ ಇಡೀ ಮಲೆನಾಡಿನ ಅಡಿಕೆಗೆ ಕೆಟ್ಟ ಹೆಸರು. ಆ ಸಂಕಟ ನಮಗೆ ಗೊತ್ತು. ತಿಂಡಿಗೂ ಅದೇ ಮಾತು. ನಮ್ಮ ಅಮ್ಮ ಮುರುಗಲು ಸಿಪ್ಪೆ ನೆನೆಸಿ ಪಾನಕ ಮಾಡ್ತಿದ್ರು, ಆ ಕೆಂಪಿಗೆ ಯಾವ ಡಬ್ಬಿಯೂ ಸಮ ಬರೋದಿಲ್ಲ.

ತಿಂಡಿಮನೆ ಸಾಗರ (ಮಂಗಳವಾರ, ಸಂಜೆ 5:45)

ಈಗಷ್ಟೇ ಶಿವಮೊಗ್ಗದಿಂದ ಬಂದೆವು. ಕಣ್ಣಿನ ಮೇಲ್ಪದರ ಗೀರಿದೆಯಂತೆ. ಉಜ್ಜಿದ್ದರಿಂದ ಇನ್ನೂ ಜಾಸ್ತಿ ಆಯ್ತು ಅಂದ್ರು ಡಾಕ್ಟರು. ಹನಿ ಔಷಧಿ ಕೊಟ್ಟಿದ್ದಾರೆ, ಮೂರು ದಿನ ಬಿಟ್ಟು ಮತ್ತೆ ಬರಬೇಕು. ದೃಷ್ಟಿಗೆ ತೊಂದರೆ ಆಗೋದಿಲ್ಲ ಅಂದಾಗ ಅವಳ ಅಮ್ಮ ಅಲ್ಲೇ ಅತ್ತುಬಿಟ್ಟರು. ನಾನೂ.

ಕೊಟ್ಟೆ ಮೇಲೆ ಏನೂ ಬರೆದಿಲ್ಲ ಮೇಷ್ಟ್ರೇ. ಬರೀ ಪ್ಲಾಸ್ಟಿಕ್ಕು. ಹುಡುಗಿಯ ಅಣ್ಣ ನೋಟು ನೋಡುವ ನೀಲಿ ಬೆಳಕಿನಲ್ಲಿ ಹಿಡಿದ, ಅದರ ನೀರು ಕಿತ್ತಳೆಯಾಗಿ ಹೊಳೆಯಿತು. ಇದು ರೋಡಮೈನೇನಾ?

ಅಡಿಕೆ ತೋಟದ ಅಣ್ಣಾ, ನಿಮ್ಮ ಮಾತು ನನಗೆ ಹಿಡಿಸ್ತದೆ. ಆದರೆ ಕೊಬ್ಬರಿ ಮಿಠಾಯಿಗೆ ಮುರುಗಲು ಹಾಕಿದ್ರೆ ಹುಳಿಯಾಗ್ತದೆ. ಬೀಟ್ರೂಟ್ ರಸ ಪಾಕಕ್ಕೆ ಹಾಕಿ ಕುದಿಸಿದ್ರೆ ಭಟ್ರು ಹೇಳಿದ ಹಾಗೆ ಕಂದು. ಎರಡೂ ಮಾಡಿ ನೋಡಿದ್ದೇನೆ.

ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು (ಮಂಗಳವಾರ, ಸಂಜೆ 6:30)

ದೇವರು ದೊಡ್ಡವನು. ಹುಡುಗಿ ಬೇಗ ಗುಣವಾಗಲಿ.

ಕಿತ್ತಳೆಯಾಗಿ ಹೊಳೆಯುವುದು ರೋಡಮೈನಿನ ಗುಣ, ಆದರೆ ಎರಿಥ್ರೋಸಿನ್ ಕೂಡ ಸ್ವಲ್ಪ ಹೊಳೆಯುತ್ತದೆ. ನೀಲಿ ಬೆಳಕು ಅನುಮಾನ ಹುಟ್ಟಿಸಬಹುದು, ತೀರ್ಪು ಕೊಡಲಾರದು. ಇನ್ನೊಂದು ಸಣ್ಣ ಪರೀಕ್ಷೆ ಇದೆ. ಚಿಟಿಕೆಯಷ್ಟು ಬಣ್ಣದ ನೀರಿಗೆ ನಿಂಬೆರಸ ಹಿಂಡಿ ಇಟ್ಟು ನೋಡಿ. ಎರಿಥ್ರೋಸಿನ್ ಹುಳಿಯಲ್ಲಿ ಕರಗಿರಲಾರದು, ಕದಡಿ ತಳಕ್ಕೆ ಕೂರುತ್ತದೆ. ಹುಳಿ ಶರಬತ್ತಿಗೆ ಅದನ್ನು ಬಳಸದಿರುವುದು ಅದಕ್ಕೇ. ತಿಳಿಯಾಗೇ ಉಳಿದು ಹೊಳೆದರೆ ಅನುಮಾನ ಗಟ್ಟಿಯಾಯಿತು. ಖಚಿತ ಆಗುವುದು ಪ್ರಯೋಗಾಲಯದಲ್ಲೇ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ನಿನಲ್ಲಿ ಕೊಂಡವರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ನಿನ್ನ ವಿಷಯದಲ್ಲಿ ಅಧಿಕಾರಿಗೆ ಕೊಟ್ಟುಬಿಡುವುದೇ ಒಳ್ಳೆಯದು. ಯಾವ ಅಂಗಡಿ ಎಂದು ಅವರಿಗೆ ಹೇಳು, ಇಲ್ಲಿ ಬರೆಯಬೇಡ.

ಆ ಪುಡಿಯನ್ನು ಬಚ್ಚಲಿಗೆ, ಹಳ್ಳಕ್ಕೆ, ಒಲೆಗೆ ಹಾಕಬೇಡ. ಸುಟ್ಟರೆ ಬರುವ ಹೊಗೆ ವಿಷ. ಹಳ್ಳಕ್ಕೆ ಬಿಟ್ಟರೆ ಮೀನಿಗೂ ಹಾನಿ, ಮತ್ತೆ ಅದೇ ನೀರು ಯಾರದ್ದೋ ತೋಟಕ್ಕೆ. ಅಗಲ ಬಾಯಿಯ ಗಾಜಿನ ಭರಣಿಯಲ್ಲಿ ಕೊಟ್ಟೆ ಸಮೇತ ಹಾಕಿ ಮುಚ್ಚಿ, "ವಿಷ, ಮುಟ್ಟಬೇಡಿ" ಎಂದು ದೊಡ್ಡದಾಗಿ ಬರೆ.

ವಾರ್ಡ್ ಸಿಸ್ಟರ್ (ಮಂಗಳವಾರ, ರಾತ್ರಿ 8:05)

ನೆಲ ಒರೆಸುವಾಗ ಪೊರಕೆ ಹಿಡಿಯಬೇಡಿ ಅಕ್ಕಾ, ಮತ್ತೆ ಹಾರ್ತದೆ. ಒದ್ದೆ ಕಾಗದ ಒತ್ತಿ ಒತ್ತಿ ತೆಗೆದು, ಆಮೇಲೆ ಸೋಪಿನ ನೀರು. ಕೆಲವರು ಕಲೆಗೆ ಬ್ಲೀಚಿಂಗ್ ಪೌಡರ್ ಹಾಕಿ, ಹೋಗಲಿಲ್ಲ ಅಂತ ಮೇಲಿಂದ ವಿನೆಗರ್ ಸುರೀತಾರೆ. ಅದರಿಂದ ಏಳುವ ಕ್ಲೋರಿನ್ ಗಾಳಿ ಕುಡಿದು ಆಸ್ಪತ್ರೆಗೆ ಬಂದವರನ್ನು ನಾನು ನೋಡಿದ್ದೇನೆ. ಕೈಯ ಕೆಂಪು ನಾಲ್ಕು ದಿನದಲ್ಲಿ ತಾನೇ ಹೋಗ್ತದೆ. ತಿಕ್ಕಿ ಚರ್ಮ ಕೀಳಬೇಡಿ.

ಅಡುಗೆ ಕಂತ್ರಾಟು ಹೊಸನಗರ (ಬುಧವಾರ, ಮಧ್ಯಾಹ್ನ 12:50)

ಮೇಷ್ಟ್ರೇ, ಬೇಕರಿಯವರೇ, ನಿನ್ನೆ ನನಗೆ ಸ್ವಲ್ಪ ಸಿಟ್ಟು ಬಂದಿತ್ತು, ಒಪ್ಕೊಳ್ತೇನೆ. ಇವತ್ತು ಪೇಟೆಯಲ್ಲಿ ನಮ್ಮ ಪರಿಚಯದ ಅಕ್ಕಸಾಲಿಗರ ಹತ್ರ ಹೋಗಿ ತೂಗಿಸಿ ನೋಡಿದೆ. ನನ್ನ ಕೈಯಲ್ಲಿ ಹತ್ತು ಚಿಟಿಕೆ ಅಂದ್ರೆ 4.1 ಗ್ರಾಂ. ಅಲ್ಲಿಗೆ ಒಂದು ಚಿಟಿಕೆ 0.41. ಮೂರು ಚಿಟಿಕೆ 1.23. ಡಬ್ಬಿ ಮೇಲೆ ಶೇ 85 ಅಂತ ಇದೆ, ಲೆಕ್ಕ ಹಾಕಿದ್ರೆ ಬಣ್ಣವೇ 1.04 ಗ್ರಾಮಿನ ಮೇಲೆ ಬಂತು. ಹಲ್ವಾ ಇಳಿಸಿದಾಗ ಐದು ಕಿಲೋ ಇರ್ತದೆ. ಕಿಲೋಗೆ 200 ಮಿಲಿಗ್ರಾಂ ದಾಟ್ತು.

ಎಷ್ಟು ಮದುವೆ, ಎಷ್ಟು ಪಂಕ್ತಿ, ಎಷ್ಟು ಮಕ್ಕಳು. ಡಬ್ಬಿ ಸರಿಯಾದದ್ದು ತಂದೆ ಅನ್ನೋ ಧೈರ್ಯದಲ್ಲೇ ಇದ್ದೆ. ನನ್ನ ಕೈಯೇ ತಪ್ಪಾಗಿತ್ತು. ಇವತ್ತು ಸಂಜೆಯ ಕೆಲಸಕ್ಕೆ ಹಲ್ವಾ ಬಣ್ಣ ಇಲ್ಲದೆ ಮಾಡ್ತಿದ್ದೇನೆ. ಬೀಟ್ರೂಟಿನ ಒಂದು ಪಾಲನ್ನು ರಸ ಮಾಡಿಟ್ಟು ಇಳಿಸುವ ಹೊತ್ತಿಗೆ ಸೇರಿಸ್ತೇನೆ. ಹೇಗಾಗ್ತದೆ ಹೇಳ್ತೇನೆ.

ಬೇಕರಿ ಭದ್ರಾವತಿ (ಬುಧವಾರ, ಮಧ್ಯಾಹ್ನ 1:15)

ಭಟ್ರೇ, ಇಷ್ಟು ಬಿಚ್ಚಿ ಹೇಳಿದ್ದಕ್ಕೆ ಕೈ ಮುಗೀತೇನೆ. ರಸ ಸೇರಿಸಿದ ಮೇಲೆ ಉರಿ ಬೇಡ, ಆ ಬಿಸಿಯಲ್ಲೇ ಮಗುಚಿ.

ದುರ್ಗಿಗುಡಿ ಅಮ್ಮ (ಬುಧವಾರ, ಸಂಜೆ 4:30)

ನಾನು ಮನೆಯ ಕಪಾಟಿನಲ್ಲಿ ಹುಡುಕಿದೆ. ಎರಡು ಹಳೇ ಕೆಂಪು ಡಬ್ಬಿ ಸಿಕ್ಕಿತು, ಒಂದರ ಲೇಬಲ್ ಅಳಿಸಿಹೋಗಿದೆ. ಪಕ್ಕದಲ್ಲೇ ಪೂಜೆಯ ಕುಂಕುಮದ ಡಬ್ಬಿ, ಅದೇ ಗಾತ್ರ, ಅದೇ ಬಣ್ಣ. ಕೈತಪ್ಪಲು ಎಷ್ಟು ಹೊತ್ತು? ಕುಂಕುಮ ದೇವರ ಕೋಣೆಗೆ ಹೋಯ್ತು, ಈ ಎರಡನ್ನೂ ಭರಣಿಯಲ್ಲಿ ಕಟ್ಟಿಟ್ಟಿದ್ದೇನೆ.

ಅಡುಗೆ ಕಂತ್ರಾಟು ಹೊಸನಗರ (ಗುರುವಾರ, ಬೆಳಿಗ್ಗೆ 7:10)

ಹಲ್ವಾ ಮೊದಲಿನಷ್ಟು ಕೆಂಪಾಗಲಿಲ್ಲ. ಮಾಗಿದ ನೇರಳೆ ಹಣ್ಣಿನ ಹಾಗೆ ಒಂದು ಬಣ್ಣ ಬಂತು. ಇಬ್ಬರು ಕೇಳಿದ್ರು, ಹೇಳಿದೆ. ಅವರಲ್ಲಿ ಒಬ್ಬರು ಇನ್ನೂ ಸ್ವಲ್ಪ ಬಡಿಸಿ ಅಂದ್ರು.

ತಿಂಡಿಮನೆ ಸಾಗರ (ಶನಿವಾರ, ರಾತ್ರಿ 8:50)

ಎಲ್ಲರಿಗೂ ಹೇಳಬೇಕು ಅಂತ ಬಂದೆ. ಅಧಿಕಾರಿಗಳು ಭರಣಿ ತಗೊಂಡು ಹೋದ್ರು, ಅಂಗಡಿಯ ಹೆಸರು ಬರೆದುಕೊಂಡ್ರು. ನಿಂಬೆರಸ ಹಾಕಿದ ನೀರು ತಿಳಿಯಾಗೇ ಇತ್ತು ಮೇಷ್ಟ್ರೇ, ಅದನ್ನೂ ಅವರಿಗೆ ಹೇಳಿದೆ.

ಉಪನಯನದವರ ಹತ್ರ ಎರಡು ದಿನ ಸಮಯ ಕೇಳಿ, ಕಾರ್ಮೋಸಿನ್ ಅಂತ ಬರೆದ ಡಬ್ಬಿ ಶಿವಮೊಗ್ಗದಿಂದಲೇ ತರಿಸಿದೆ. ಬೇಕರಿ ಅಣ್ಣ ಹೇಳಿದ ಹಾಗೆ 1 ಗ್ರಾಂ, 100 ಮಿಲಿ. ಶೇ 85ರ ಲೆಕ್ಕದಲ್ಲಿ ಕಿಲೋಗೆ 6 ಮಿಲಿ ಬಿಟ್ಟೆ, ಮಿತಿಯ ಅರ್ಧ ಅಷ್ಟೇ. ಗುಲಾಬಿ ಎಲೆಯ ಹಿಂಬದಿಯ ಹಾಗೆ ತೆಳು ಬಣ್ಣ ಬಂತು. "ಈ ಸಲ ಬಣ್ಣ ಕಮ್ಮಿ" ಅಂದ್ರು ಆ ಮನೆಯ ಅಮ್ಮ. ಯಾಕೆ ಅಂತ ಹೇಳಿದ ಮೇಲೆ, ಮಕ್ಕಳಿಗೆ ಕೊಡುವ ಪಾಲನ್ನು ಬಿಳಿಯದ್ದೇ ಕಟ್ಟಿಕೊಡಿ ಅಂದ್ರು.

ಹುಡುಗಿಯ ಕಣ್ಣು ಈಗ ತಿಳಿಯಾಗಿದೆ. ಸೋಮವಾರದಿಂದ ಬರ್ತೇನೆ ಅಂದಿದ್ದಾಳೆ. ಅವಳ ಅಳತೆಯ ಕನ್ನಡಕ ತಂದಿಟ್ಟಿದ್ದೇನೆ, ಜೊತೆಗೆ ಒಂದು ಕತ್ತರಿ.